ಗೋಡಿತ್‌ಳ ಮಗ ಪಿಂಡರ್ ಆದದ್ದು

ಯಾರ್ಕ್‌ಷೈರಿನ ಕೆಲ್ಡರ್‌ಬಿಯಲ್ಲಿ ಥರ್ಸ್ಟನ್‌ನನ್ನು ಎಲ್ಲರೂ ಗೋಡಿತ್‌ಳ ಮಗ ಎಂದೇ ಕರೆಯುತ್ತಿದ್ದರು. ಅಪ್ಪ ಮಹಾಮಾರಿಗೆ ಬಲಿಯಾದಾಗ ಅವನಿನ್ನೂ ಹೊಟ್ಟೆಯಲ್ಲಿದ್ದ. ಗೋಡಿತ್ ಒಂದು ಹಸು ಕಟ್ಟಿಕೊಂಡು, ಊರವರ ಉಣ್ಣೆ ನೂತು ಅವನನ್ನು ಸಾಕಿದಳು. ತಾಯಿಯ ಹೆಸರಿನಿಂದ ಕರೆಸಿಕೊಳ್ಳುವುದೆಂದರೆ ಅವನಿಗೆ ಒಳಗೊಳಗೇ ಹೆಮ್ಮೆ. ಬೇರೆ ಆಸ್ತಿ ಏನೂ ಇರಲಿಲ್ಲ ಅನ್ನಿ.

ಮೂವತ್ತನೇ ವಯಸ್ಸಿಗೆ ಊರು ಅವನ ತಲೆಗೆ ದೊಡ್ಡಿಯ ಕೆಲಸ ಕಟ್ಟಿತು. ಪೈರಿಗೆ ನುಗ್ಗಿದ ದನಗಳನ್ನು ಹಿಡಿದು ಕಲ್ಲಿನ ದೊಡ್ಡಿಗೆ ಕೂಡುವವನಿಗೆ ಅಲ್ಲಿ ಪಿಂಡರ್ ಎನ್ನುತ್ತಾರೆ. ಸುಗ್ಗಿ ಮುಗಿದ ಮೇಲೆ ಧಣಿಯ ನ್ಯಾಯಸಭೆಯಲ್ಲಿ ಊರವರೇ ಕೈಯೆತ್ತಿ ಆರಿಸುವ ಕೆಲಸ ಅದು. ಒಲ್ಲೆ ಎಂದರೆ ಉಳುವ ನೆಲ ಹೋಗುತ್ತದೆ. ಯಾರಿಗೂ ಬೇಡವಾದದ್ದನ್ನು ಬಾಯಿಲ್ಲದವನ ಕೊರಳಿಗೆ ಕಟ್ಟಿದರು.

ಮೊದಲ ವರ್ಷ ಅವನು ನೋಡಿಯೂ ನೋಡದಂತಿದ್ದ. ದನಗಳು ಬಾರ್ಲಿ ಮೇದು ಮುಗಿಸಿದವು. ಧಣಿಯ ಪಾರುಪತ್ಯಗಾರ ಅವನನ್ನು ಇಗರ್ಜಿಯ ಮುಂದೆ ನಿಲ್ಲಿಸಿ ಬೆನ್ನು ಸುಲಿಯುವಂತೆ ಹೊಡೆಸಿದ. ಯಾರ ದನಗಳಿಗೆ ದಯೆ ತೋರಿಸಿದ್ದನೋ ಅವರೇ ಮುಂದೆ ನಿಂತು ನಕ್ಕರು. ಎರಡನೇ ವರ್ಷ ಥರ್ಸ್ಟನ್ ಕಲ್ಲಾದ. ಆಗ ಅದೇ ಜನ ಅವನ ನೆರಳಿಗೂ ಉಗಿದರು.

ಹ್ಯಾಮೊ ಎಂಬುವನ ಎತ್ತು ದೊಡ್ಡಿ ಸೇರಿತ್ತು. ಆ ಸಿಟ್ಟಿಗೆ ಒಂದು ಮಧ್ಯಾಹ್ನ ಅವನು ಗೋಡಿತ್‌ಳ ಹಿತ್ತಿಲ ಬೇಲಿ ತೆಗೆದು, ಅವಳ ತುಂಬುಗಬ್ಬದ ಹಸುವನ್ನು ಧಣಿಯ ಗೋಧಿ ಹೊಲಕ್ಕೆ ಅಟ್ಟಿದ. ಆಮೇಲೆ ಊರನ್ನೆಲ್ಲ ಕರೆದ.

“ಬಾರಪ್ಪಾ ಪಿಂಡರಣ್ಣ! ನಿಮ್ಮವ್ವನ ಹಸು ಅಂತ ಬುಟ್ಬುಡ್ತೀಯೋ, ಹೆಂಗೆ?”

“ಬೇಲಿ ತಗ್ದೋನು ನೀನೇ ಕಣ್ಲಾ.”

“ಯಾರ್ ನೋಡವ್ರೆ? ಹಸ ಗೋಧೀಲೈತೆ, ಅದನ್ನ ಎಲ್ರೂ ನೋಡವ್ರೆ.”

ಪಾರುಪತ್ಯಗಾರನೂ ಕುದುರೆ ನಿಲ್ಲಿಸಿ ನೋಡುತ್ತಿದ್ದ. ಥರ್ಸ್ಟನ್‌ಗೆ ಬೆನ್ನ ಮೇಲಿನ ಬಾಸುಂಡೆಗಳು ನೆನಪಾದವು. ಹಸುವನ್ನು ಅಟ್ಟಿಕೊಂಡು ಹೋಗಿ ದೊಡ್ಡಿಗೆ ಬೀಗ ಹಾಕಿದ.

ನ್ಯಾಯಸಭೆ ಕೂರಲು ಇನ್ನೂ ಹತ್ತು ದಿನವಿತ್ತು. ಅಲ್ಲಿಯವರೆಗೆ ದೊಡ್ಡಿಯ ಬೀಗ ತೆಗೆಯುವಂತಿಲ್ಲ, ಮೇವು ನೀರು ದನದ ಒಡೆಯರೇ ಹೊರಬೇಕು. ಪಿಂಡರ್ ಒಂದು ಕಡ್ಡಿ ಹುಲ್ಲು ಹಾಕಿದರೂ ಕಳ್ಳನ ಜೊತೆಗಾರ ಎನ್ನಿಸಿಕೊಳ್ಳುತ್ತಾನೆ. ಗೋಡಿತ್ ದಿನಕ್ಕೆರಡು ಸಲ ಮಡಿಲಲ್ಲಿ ಹುಲ್ಲು ತಂದು ಗೋಡೆಯ ಮೇಲಿಂದ ಹಾಕಿದಳು. ಥರ್ಸ್ಟನ್ ಎಲ್ಲಿ ತಪ್ಪುತ್ತಾನೋ ಎಂದು ಹ್ಯಾಮೊ ಎದುರಿಗೇ ಕೂತು ಕಾಯುತ್ತಿದ್ದ. ಆರನೆಯ ದಿನ ಜಡಿಮಳೆಯಲ್ಲಿ ಹಸುವಿಗೆ ಹೆರಿಗೆಯ ನೋವು ಬಂತು. ಕರು ಅಡ್ಡವಾಗಿತ್ತು.

“ಬಾಗ್ಲು ತಗಿ ಮಗಾ. ಕೈ ಹಾಕಿ ತಿರುಗಿಸ್ಬುಡ್ತೀನಿ, ಒಂದ್ಗಳಿಗೆ ಕೆಲ್ಸ.”

“ಆಗಕಿಲ್ಲ ಕಣವ್ವ. ಅವ್ನು ನೋಡ್ತಾ ಅವ್ನೆ.”

“ನಿನ್ ಕಾಲಿಗ್ ಬೀಳ್ತೀನೋ.”

ನಿಜಕ್ಕೂ ಕೆಸರಿನಲ್ಲಿ ಬಿದ್ದಳು. ಥರ್ಸ್ಟನ್ ಬೀಗದ ಕೈ ಹಿಡಿದುಕೊಂಡು ಅಳುತ್ತಲೇ ನಿಂತ, ತೆಗೆಯಲಿಲ್ಲ. ಹಸು ಸಂಜೆಯವರೆಗೆ ಒದ್ದಾಡಿ, ಕರುವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಸತ್ತಿತು. ಬೇಸರವಾಯಿತೆಂದು ಹ್ಯಾಮೊ ಅಷ್ಟರೊಳಗೇ ಮನೆಗೆ ಹೋಗಿದ್ದ. ಅಂಥವನನ್ನು ಕಂಡು ಹೆದರಿದ ಈ ಮಗನಿಗೆ ಏನನ್ನಬೇಕೋ ನನಗಂತೂ ತಿಳಿಯದು.

ಆ ವರ್ಷದ ಕೊನೆಗೆ ದೊಡ್ಡಿಯ ಕೆಲಸ ಬೇರೊಬ್ಬನ ಪಾಲಾಯಿತು. ಥರ್ಸ್ಟನ್ ಮತ್ತೆ ಗೋಡಿತ್‌ಳ ಮಗನಾಗಲು ಹಂಬಲಿಸಿದ. ಅವಳ ಮನೆಗೆ ಸೌದೆ ಹಾಕಿದ, ಸೂರು ಹೊದಿಸಿದ. ಅವಳು ಅವನಿಗೆ ಬಾಗಿಲು ತೆಗೆಯಲಿಲ್ಲ. ಊರು ಅವನನ್ನು ಪಿಂಡರ್ ಎಂದೇ ಕೂಗುತ್ತಿತ್ತು. ಅಷ್ಟರಲ್ಲಿ ತಲೆಗಂದಾಯಕ್ಕೆ ಹೆಸರು ಬರೆದುಕೊಳ್ಳಲು ಅರಸನ ಗುಮಾಸ್ತ ಬರುತ್ತಾನೆಂಬ ಸುದ್ದಿ ಬಂತು. ಅರಸನ ಹಾಳೆಯಲ್ಲಿ ತಾಯಿಯ ಹೆಸರು ಸೇರಿಬಿಟ್ಟರೆ ಇವರ ಬಾಯಿ ತಾನಾಗಿ ಮುಚ್ಚುತ್ತದೆ ಎಂದು ಅವನು ದಿನ ಎಣಿಸಿದ.

ಗುಮಾಸ್ತ ಇಗರ್ಜಿಯ ಬಾಗಿಲಲ್ಲಿ ಮೇಜು ಹಾಕಿ ಕೂತ.

“ಹೆಸ್ರು?”

“ಥರ್ಸ್ಟನ್ ಸ್ವಾಮಿ. ಗೋಡಿತ್ ಮಗ.”

ಹಿಂದಿದ್ದವರು ನಕ್ಕು ಗೋಡಿತ್‌ಳತ್ತ ಕೈ ತೋರಿಸಿದರು. ಗುಮಾಸ್ತ ಪಕ್ಕದಲ್ಲಿ ನಿಂತಿದ್ದ ಮುದುಕಿಯತ್ತ ತಿರುಗಿದ.

“ಏನಜ್ಜಿ, ಇವ್ನು ನಿನ್ ಮಗನಾ?”

ಗೋಡಿತ್ ಅವನ ಮುಖವನ್ನು ಚೆನ್ನಾಗಿ ನೋಡಿದಳು.

“ನಂಗೆ ಮಕ್ಳಿಲ್ಲ ಸ್ವಾಮಿ. ಇವ್ನು ಪಿಂಡರ್.”

ಗುಮಾಸ್ತ ಹಾಗೆಯೇ ಬರೆದುಕೊಂಡ. ಮುಂದೆ ಥರ್ಸ್ಟನ್‌ಗೆ ಹುಟ್ಟಿದ ಮಕ್ಕಳಲ್ಲಿ ಒಬ್ಬ ಬಡಗಿಯಾದ, ಒಬ್ಬ ಪಾದ್ರಿಯಾದ. ದನದ ಹಗ್ಗ ಮುಟ್ಟದವರೂ ಪಿಂಡರ್‌ಗಳೇ ಆದರು. ಈ ಹೆಸರು ನಮಗೆ ಯಾರು ಕೊಟ್ಟರು ಎಂದು ಮಕ್ಕಳು ಕೇಳಿದಾಗಲೆಲ್ಲ ಅವನು ಅರಸನ ಗುಮಾಸ್ತ ಎನ್ನುತ್ತಿದ್ದ.