ಅತ್ತೆಯ ಬೆನ್ನು, ನನ್ನ ಕಾಲು

ಹುಟ್ಟುವಾಗ ನನ್ನ ಕಾಲು ಮೊದಲು ಹೊರಗೆ ಬಂದಿತ್ತಂತೆ. ಹಾಗೆ ಹುಟ್ಟಿದವರ ಪಾದ ಮೂರು ಸಲ ಬೆನ್ನಿಗೆ ತಾಗಿದರೆ ಉಳುಕಿದ ಸೊಂಟ ಸರಿಹೋಗುತ್ತದೆ ಎಂದು ನಮ್ಮ ಕಡೆಯವರು ನಂಬುತ್ತಿದ್ದರು. ತವರಿನಲ್ಲಿ ಮಾತ್ರ ನನ್ನನ್ನು ಯಾರೂ ಈ ಕೆಲಸಕ್ಕೆ ಹಚ್ಚಲಿಲ್ಲ. ಮದುವೆಯಾಗಬೇಕಾದ ಹುಡುಗಿ ಕಂಡವರ ಬೆನ್ನಿಗೆ ಒದೆಯುತ್ತಾಳೆ ಎಂದು ಸುದ್ದಿಯಾದರೆ ಗಂಡು ಸಿಕ್ಕೀತೇ ಎಂಬ ಹೆದರಿಕೆ ಅಮ್ಮನಿಗಿತ್ತು.

ಐವತ್ತರ ದಶಕದ ಕೊನೆಗೆ ಮದುವೆಯಾಗಿ ಉರ್ವದ ಮನೆಗೆ ಬಂದೆ. ಬಂದು ಎರಡು ತಿಂಗಳಾಗುವಷ್ಟರಲ್ಲಿ ಮಾವ ತೀರಿಕೊಂಡರು. ಅವರಿಗೆ ಎದೆನೋವು ಮೊದಲಿನಿಂದಲೂ ಇತ್ತು, ಮನೆಯವರಿಗೆಲ್ಲ ಗೊತ್ತಿತ್ತು. ಆದರೂ ಉತ್ತರಕ್ರಿಯೆಯ ದಿನ ಮಾವನ ತಂಗಿ ಬಾವಿಕಟ್ಟೆಯಲ್ಲಿ ನಿಂತು, ನನಗೆ ಕೇಳಿಸಲಿ ಎಂದೇ, "ಹುಡುಗಿಯ ಕಾಲ್ಗುಣ ನೋಡದೆ ತಂದದ್ದು, ಇನ್ನೆಂತ ಆಗ್ಬೇಕು?" ಎಂದರು. ಹೊಸದಾಗಿ ಬಂದವಳು, ತಿರುಗಿ ಮಾತಾಡುವ ಹಾಗಿರಲಿಲ್ಲ. ಒಳಗೆ ಹೋಗಿ ಅಕ್ಕಿಯ ಡಬ್ಬದ ಹಿಂದೆ ಕೂತು ಕಣ್ಣೀರು ಹಾಕಿದೆ. ಆ ಮಾತು ಊರಲ್ಲಿ ಹಬ್ಬಲು ಹೊತ್ತು ಬೇಕಾಗಲಿಲ್ಲ. ಶುಭಕಾರ್ಯವಿದ್ದವರು ನನ್ನೆದುರು ಬಂದರೆ ದಾರಿ ಬದಲಿಸತೊಡಗಿದರು.

ನನ್ನ ಅತ್ತೆ ಆಗ ಏನೂ ಹೇಳಲಿಲ್ಲ. ಹೇಳುವ ಸ್ಥಿತಿಯಲ್ಲೂ ಇರಲಿಲ್ಲ ಪಾಪ. ಆದರೆ ಕೆಲವು ತಿಂಗಳ ಮೇಲೆ ಅಮ್ಮ ನನ್ನನ್ನು ನೋಡಲು ಬಂದಾಗ ಮಾತಿನ ನಡುವೆ ನನ್ನ ಹುಟ್ಟಿನ ಸಂಗತಿ ಬಾಯಿ ಜಾರಿ ಹೇಳಿಬಿಟ್ಟಳು. ಅತ್ತೆ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಿ, "ಹೌದಾ? ಇದನ್ನು ಮೊದಲೇ ಹೇಳ್ಬೇಕಲ್ಲ" ಎಂದರು.

ಮರುದಿನವೇ, ಎಲ್ಲರೂ ಟೀಚರ್ ಬಾಯಿ ಎಂದು ಕರೆಯುತ್ತಿದ್ದ ನೆರೆಮನೆಯ ಹೆಂಗಸು ಸೊಂಟ ಹಿಡಿದುಕೊಂಡು ಬಂದರು. ಕೊಂಕಣಿ ಮಾತಾಡುವ ಕ್ರೈಸ್ತ ಮನೆಯವರು. ಅವರ ಅಕ್ಕನ ಮಗಳೇ ಕಂಕನಾಡಿಯ ಆಸ್ಪತ್ರೆಯಲ್ಲಿ ನರ್ಸು. "ಅವಳಿಗೆ ಗೊತ್ತಾಗ್ಬಾರ್ದು, ಆಯ್ತಾ?" ಎಂದು ಶಿಲುಬೆಯ ಗುರುತು ಮಾಡಿಕೊಂಡು, ಹೊಸ್ತಿಲ ಮೇಲೆ ಬೆನ್ನು ತೋರಿಸಿ ನಿಂತರು. ನಾನು ಎಡಗಾಲಿನಿಂದ ಮೂರು ಸಲ ಮೆಲ್ಲನೆ ತಾಗಿಸಿದೆ. ಟೀಚರು ಆಚೆ ಈಚೆ ಬಗ್ಗಿ ನೋಡಿ, ಸಲೀಸಾಯಿತು ಎಂದು ನಗುತ್ತ ಹೋದರು.

ಅಲ್ಲಿಂದ ಶುರು. ಹೆಂಚಿನ ಕಾರ್ಖಾನೆಯಲ್ಲಿ ಹೊರೆ ಹೊರುವವರು, ಮೀನು ಮಾರುವ ಹೆಂಗಸರು, ಒಮ್ಮೆ ಒಬ್ಬರು ವಕೀಲರು ಕೂಡ. ಅತ್ತೆ ಜಗಲಿಯಲ್ಲಿ ಕೂತು ಎಲ್ಲರನ್ನೂ ವಿಚಾರಿಸುವರು, ಸರದಿ ನಿಲ್ಲಿಸುವರು. ತಂದ ಬಾಳೆಗೊನೆಯನ್ನು ಹಿಂದೆ ಕಳಿಸುವರು, ತೆಗೆದುಕೊಂಡರೆ ಕಾಲಿನ ಗುಣ ಹೋಗುತ್ತದಂತೆ. ಹಿರಿಯರಿಗೆ ಕಾಲು ತಾಗಿಸಿದ್ದಕ್ಕೆ ಕೂಡಲೇ ಅಡ್ಡಬಿದ್ದು ನಮಸ್ಕಾರ ಮಾಡಬೇಕೆಂಬುದು ಅವರದೇ ಕಟ್ಟಳೆ. ಒದೆಯುವುದು ಒಂದು ಕ್ಷಣದ ಕೆಲಸ, ಬಗ್ಗಿ ಏಳುವುದರಲ್ಲಿ ನನ್ನ ಸೊಂಟವೇ ಉಳುಕುತ್ತಿತ್ತು. ನೋವು ಕಡಿಮೆಯಾದವರು ಊರೆಲ್ಲ ಹೇಳಿಕೊಂಡು ಬಂದರು, ಆಗದವರು ಸುಮ್ಮನಿದ್ದರು. ಮದುಮಕ್ಕಳ ಮನೆಯವರು ನನ್ನನ್ನು ಮತ್ತೆ ಕರೆಯತೊಡಗಿದರು.

ತಮಾಷೆಯೆಂದರೆ ಅತ್ತೆಗೇ ಬೆನ್ನುನೋವು ಇತ್ತು. ಹಾಸಿಗೆಯಿಂದ ಏಳಬೇಕಾದರೆ ಗೋಡೆ ಹಿಡಿಯಬೇಕು. ಎಣ್ಣೆ ತಿಕ್ಕಿಸಿಕೊಳ್ಳುವರು, ಬಿಸಿನೀರು ಹೊಯ್ಯಿಸಿಕೊಳ್ಳುವರು, ನನ್ನ ಕಾಲನ್ನು ಮಾತ್ರ ಹತ್ತಿರ ಬಿಡರು. "ಊರವರಿಗೆಲ್ಲ ಉಂಟು, ನಿಮಗೆ ಮಾತ್ರ ಯಾಕೆ ಬೇಡ ಮಾಮಿ?" ಎಂದರೆ, "ಸೊಸೆಯ ಒದೆ ತಿನ್ನುವಷ್ಟು ಕೆಟ್ಟಿಲ್ಲ ನಾನು" ಎಂದು ಬಾಯಿ ಮುಚ್ಚಿಸುವರು. ಜಂಬ ಎಂದುಕೊಂಡು ನಾನೂ ಬಿಟ್ಟೆ. ಸಿಟ್ಟೂ ಬರುತ್ತಿತ್ತು.

ಅರವತ್ತರ ದಶಕದ ಮೊದಲ ವರ್ಷಗಳಲ್ಲಿರಬೇಕು, ಒಂದು ಬೆಳಿಗ್ಗೆ ಉಳ್ಳಾಲದಿಂದ ಜನ ಬಂತು. ಅಲ್ಲಿದ್ದ ಅತ್ತೆಯ ಅಕ್ಕನಿಗೆ ಕಾಯಿಲೆ ಜೋರಾಗಿದೆ, ನೋಡುವುದಾದರೆ ಇವತ್ತೇ ಬನ್ನಿ ಎಂದು. ಅದೇ ಬೆಳಿಗ್ಗೆ ಅತ್ತೆಯ ಬೆನ್ನು ಹಿಡಿದುಕೊಂಡಿತ್ತು. ಮಗ್ಗುಲಾಗಲೂ ಆಗದೆ ಚಾಪೆಯ ಮೇಲೆ ಬೋರಲಾಗಿದ್ದರು. ನನ್ನವರು ಕೆಲಸಕ್ಕೆ ಹೋಗಿದ್ದರು. ಮಾವನ ತಂಗಿ ಎಂದಿನಂತೆ ಕಾಫಿಗೆ ಬಂದವರು ಬಾಗಿಲಲ್ಲಿ ನಿಂತಿದ್ದರು.

"ಇಷ್ಟು ಜನರಿಗೆ ಗುಣ ಆಗ್ತದೆ ಅಂತೀರಿ, ನಿಮಗೆ ಯಾಕೆ ಮಾಡಿಸುವುದಿಲ್ಲ ಅತ್ತಿಗೆ?" ಎಂದರು ಅವರು. ಧ್ವನಿಯಲ್ಲಿ ಮರುಕಕ್ಕಿಂತ ಬೇರೇನೋ ಹೆಚ್ಚಿತ್ತು.

ನನಗೆ ತಾಳ್ಮೆ ತಪ್ಪಿತು. "ಮಾಮಿ, ಇವತ್ತು ನಾನು ಕೇಳುವುದಿಲ್ಲ" ಎಂದು ಸೆರಗು ಸಿಕ್ಕಿಸಿ, ಅವರು ಬೇಡ ಬೇಡ ಎನ್ನುತ್ತಿದ್ದಂತೆಯೇ ಮೂರು ಸಲ ಕಾಲು ತಾಗಿಸಿದೆ. ಅಡ್ಡಬಿದ್ದು ತಲೆಯೆತ್ತುವಾಗ ಅತ್ತೆ ಮೊಣಕೈ ಊರಿ ಏಳುತ್ತಿದ್ದರು. ಎದ್ದು ನಿಂತರು. ಸೀರೆಯ ನೆರಿಗೆ ಸರಿಮಾಡಿಕೊಂಡು ನಾದಿನಿಯನ್ನು ನೋಡಿ, "ಹೋಯ್ತು ನೋಡು" ಎಂದರು. ನನಗೆ ನನ್ನ ಕಾಲಿನ ಮೇಲೆ ಆವರೆಗೆ ಇಲ್ಲದ ನಂಬಿಕೆ ಆ ಗಳಿಗೆಯಲ್ಲಿ ಬಂತು.

ನೇತ್ರಾವತಿಗೆ ಆಗಿನ್ನೂ ರಸ್ತೆಯ ಸೇತುವೆ ಇರಲಿಲ್ಲ. ಬಾಡಿಗೆ ಕಾರಿನಲ್ಲಿ ಹೊಳೆಯವರೆಗೆ ಹೋಗಿ, ದೋಣಿಯಲ್ಲಿ ದಾಟಿದೆವು. ಉಳ್ಳಾಲದ ಆ ಮನೆಯಲ್ಲಿ ಎಲ್ಲರೂ ಕುರ್ಚಿ ಕೊಟ್ಟರೂ ಅತ್ತೆ ಕೂರಲಿಲ್ಲ. ಅಕ್ಕನ ಮಂಚದ ಕಂಬ ಹಿಡಿದು ಸಂಜೆಯವರೆಗೆ ನಿಂತೇ ಇದ್ದರು. "ಸೊಸೆ ಒದ್ದಳು ಅಕ್ಕಾ, ಅದಕ್ಕೆ ಬರ್ಲಿಕ್ಕೆ ಆಯ್ತು" ಎಂದರು. ಅಷ್ಟು ನಿತ್ರಾಣದಲ್ಲೂ ಆ ಮುದುಕಿ ನಕ್ಕು, ನನ್ನ ಕೈ ಹಿಡಿದು, "ಒಳ್ಳೆಯ ಕಾಲು ಮಾರಾಯ್ತಿ ನಿಂದು" ಎಂದರು. ಅದೇ ವಾರ ಅವರು ತೀರಿಕೊಂಡರು.

ಅಂದು ಸಂಜೆ ಮರಳುವ ದೋಣಿಯಲ್ಲಿ ಅತ್ತೆಯ ಮುಖ ನೋಡಿದೆ. ಗಾಳಿ ತಣ್ಣಗಿದ್ದರೂ ಹಣೆಯಿಂದ ಬೆವರಿಳಿಯುತ್ತಿತ್ತು, ತುಟಿ ಕಚ್ಚಿಕೊಂಡಿದ್ದರು. "ನೋವು ತಿರುಗಿ ಬಂತಾ ಮಾಮಿ?" ಎಂದೆ.

"ಹೋಗಿದ್ರೆ ಅಲ್ವಾ ತಿರುಗಿ ಬರುವುದು?"

ನಾನು ಹತ್ತಿರ ಜರುಗಿ ಅವರ ಬೆನ್ನಿಗೆ ಕೈ ಕೊಟ್ಟೆ.

"ನನ್ನ ಈ ಬೆನ್ನು ಯಾವುದಕ್ಕೂ ಬಗ್ಗುವಂಥದ್ದಲ್ಲ ಅಂತ ನನಗೆ ಗೊತ್ತುಂಟು. ಅದಕ್ಕೇ ಇಷ್ಟು ವರ್ಷ ನಿನ್ನ ಕಾಲು ಹತ್ತಿರ ಬಿಡದ್ದು. ಅತ್ತೆಗೇ ಗುಣ ಆಗ್ಲಿಲ್ಲ ಅಂತ ಆದ್ರೆ, ಅವಳು ಬಾವಿಕಟ್ಟೆಯಲ್ಲಿ ಹೇಳಿದ ಮಾತು ಮತ್ತೆ ಮೇಲೆ ಬರ್ತದೆ. ಇವತ್ತು ಅವಳು ನೋಡ್ತಾ ಇದ್ದಳಲ್ಲ ಮಗಾ, ನಾನು ಏಳದೆ ಹೇಗೆ?"

ಬಾವಿಕಟ್ಟೆಯ ಮಾತು ಅವರಿಗೂ ಕೇಳಿಸಿತ್ತು ಎಂದು ನನಗೆ ಅಂದೇ ಗೊತ್ತಾದದ್ದು. ದೋಣಿಯಲ್ಲೇ ಅತ್ತುಬಿಟ್ಟೆ. ಹೆತ್ತ ತಾಯಿಯ ಮೇಲೂ ನನಗೆ ಅಷ್ಟು ಪ್ರೀತಿ ಉಕ್ಕಿದ್ದಿಲ್ಲ. "ಸಾಕು, ದೋಣಿಯವ ನೋಡ್ತಾನೆ" ಎಂದು ಅವರು ಗದರಿದರು.

ದಡಕ್ಕೆ ಇಳಿಸುವಾಗ ಅವರ ಭಾರವೆಲ್ಲ ನನ್ನ ಮೇಲಿತ್ತು. ಕಾರಿನಿಂದ ಗೇಟಿನವರೆಗೂ ಹಾಗೆಯೇ ಒರಗಿಸಿಕೊಂಡು ತಂದೆ. ಜಗಲಿಯಲ್ಲಿ ಮಾವನ ತಂಗಿ ಕಾಯುತ್ತ ಕೂತಿದ್ದರು. ಅತ್ತೆ ಅವರನ್ನು ಕಂಡದ್ದೇ ನನ್ನ ಹೆಗಲ ಮೇಲಿನ ಕೈ ತೆಗೆದರು, ಬೆನ್ನು ನೆಟ್ಟಗೆ ಮಾಡಿಕೊಂಡು ಮೆಟ್ಟಿಲುಗಳನ್ನು ಒಬ್ಬರೇ ಹತ್ತಿದರು.