ಖಾರಘರದ ಗೋಡೆಯ ಓವಿರಾಪ್ಟರ್

ಕೋವಿಡ್ ಕಳೆದು ಶಾಲೆಗಳು ಪೂರ್ತಿಯಾಗಿ ತೆರೆದ ವರ್ಷ. ಆಗ ನಾನು ಡೊಂಬಿವಲಿಯಲ್ಲಿ ಬೋರ್ಡ್ ಮತ್ತು ಗೋಡೆಚಿತ್ರಗಳ ಕಾಂಟ್ರಾಕ್ಟರ್. ಕುಂದಾಪುರದ ಕಡೆಯಿಂದ ಹೋಟೆಲಿನ ಟೇಬಲ್ ಒರೆಸಲು ಬಂದವನು, ಅದೇ ಹೋಟೆಲಿನ ಮೆನು ಬೋರ್ಡ್ ಬರೆಯುತ್ತ ಈ ಕಸುಬಿಗೆ ಬಿದ್ದೆ. ಚಿತ್ರಕಲೆ ನನಗೆ ಅಷ್ಟಕ್ಕಷ್ಟೇ. ಚೌಕಾಸಿ ಚೆನ್ನಾಗಿ ಬರುತ್ತದೆ.

ಖಾರಘರದ ಗುಡ್ಡದ ಬುಡದ ಒಂದು ಶಾಲೆ, ಆಟದ ಬಯಲಿನ ಉದ್ದನೆಯ ಗೋಡೆಗೆ ಡೈನೋಸಾರ್ ಚಿತ್ರ ಬೇಕೆಂದಿತು. ಇಂಥ ಕೆಲಸ ಹಿಡಿಯುವವರಿಗೆ ನನ್ನದೊಂದು ಸಲಹೆ: ದರ ಮಾತಾಡುವ ಮೊದಲು ಗೋಡೆಗೆ ಅಂಗೈ ಒತ್ತಿ ನೋಡಿ. ತಣ್ಣಗೆ ತೇವ ತಾಗಿದರೆ ಒಳಗೆ ನೀರಿದೆ, ಮುಂದಿನ ಮಳೆಗಾಲಕ್ಕೆ ಬಣ್ಣ ಸಿಪ್ಪೆ ಏಳುತ್ತದೆ. ಆ ಗೋಡೆ ಒಣಗಿತ್ತು. ಒಪ್ಪಿಕೊಂಡೆ; ಚಿತ್ರಕ್ಕೆ ಅಶ್ವಿನಿಯನ್ನು ಕರೆದೆ.

ಅಶ್ವಿನಿಯ ತಂದೆ ವಿಜಯಪುರದವರು, ಕಳಂಬೋಲಿಯ ಕಬ್ಬಿಣದ ಮಾರ್ಕೆಟಿನಲ್ಲಿ ಲೋಡಿಂಗ್ ಮಾಡಿ ಮಗಳನ್ನು ಆರ್ಟ್ ಕಾಲೇಜಿಗೆ ಕಳಿಸಿದವರು. ಅವಳದು ಪೇಲಿಯೋಆರ್ಟ್: ಪಳೆಯುಳಿಕೆಯ ಮೂಳೆ ನೋಡಿ, ಅದರ ಮೇಲೆ ಮಾಂಸ, ಚರ್ಮ, ಗರಿ ಹೇಗಿದ್ದಿರಬೇಕೆಂದು ಊಹಿಸಿ ಬರೆಯುವ ಕಲೆ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಆಗ ಬಸುರಿ.

ಅವಳು ತಂದ ಸ್ಕೆಚ್ ಓವಿರಾಪ್ಟರ್‌ನದು. ಗೂಡಿನ ನಡುವೆ ಕೂತ ಗರಿಯ ಪ್ರಾಣಿ, ಸುತ್ತಲೂ ಮೊಟ್ಟೆಗಳ ಉಂಗುರ. ಕನ್ನಡ ಬಾರದ ಶಾಲೆಯ ಟ್ರಸ್ಟಿ ಸಾಹೇಬರು ಕನ್ನಡಕ ಏರಿಸಿ ಹಿಂದಿಯಲ್ಲಿ ಕೇಳಿದರು: "ಇದೇನ್ರೀ, ಕೋಳಿ? ಹಲ್ಲೆಲ್ಲಿ?"

ಅಶ್ವಿನಿ ವಿವರಿಸಿದಳು. ಓವಿರಾಪ್ಟರ್ ಎಂದರೆ ಮೊಟ್ಟೆಗಳ್ಳ. ಮೊದಲ ಅಸ್ಥಿಪಂಜರ ಮೊಟ್ಟೆಗಳ ಮೇಲೆ ಸಿಕ್ಕಿದ್ದರಿಂದ, ಕದಿಯಲು ಬಂದಿತ್ತೆಂದು ಆ ಹೆಸರಿಟ್ಟರು. ದಶಕಗಳ ನಂತರ ಅಂಥದೇ ಮೊಟ್ಟೆಯೊಳಗೆ ಇವುಗಳ ಬಳಗದ್ದೇ ಮರಿ ಸಿಕ್ಕಿತು. ಗೂಡಿನ ಮೇಲೆ ರೆಕ್ಕೆಯಂಥ ಮುಂಗೈ ಹರಡಿ ಕೂತಂತೆಯೇ ಮರಳಲ್ಲಿ ಹೂತುಹೋದವೂ ಸಿಕ್ಕಿದವು. "ಏಳಲಿಲ್ಲ ಸರ್ ಅದು, ಬಿಟ್ಟು ಓಡಲಿಲ್ಲ," ಎಂದಳು.

ಸಾಹೇಬರು ಇನ್ನೂ ಅನುಮಾನಿಸುತ್ತಿದ್ದರು. ನಾನು ನಡುವೆ ಬಾಯಿ ಹಾಕಿದೆ: "ಸಾಹೇಬ್, ಹಲ್ಲು ಕಿರಿಯುವುದು ಊರಿನ ಎಲ್ಲ ಗೋಡೆಯಲ್ಲೂ ಉಂಟು. ಇದು ನಿಮ್ಮಲ್ಲಿ ಮಾತ್ರ."

"ಆಯಿತು. ಆದರೆ ಮೊಟ್ಟೆ ಸ್ಪಷ್ಟ ಕಾಣಬೇಕು. ಕೆಜಿ ಮಕ್ಕಳು ಎಣಿಸಬೇಕು."

ಹಲ್ಲಿನ ಆಸೆ ಬಿಡಿಸಿ ಮೊಟ್ಟೆ ಕೊಟ್ಟೆ. ಸ್ಕೆಚ್ ಮೇಲೆ ಸಹಿ ಬಿತ್ತು. ನಮ್ಮಲ್ಲಿ ಸಹಿಯಾದ ಸ್ಕೆಚ್ಚೇ ಒಪ್ಪಂದ. ಗೋಡೆ ಅದಕ್ಕೆ ತಾಳೆಯಾಗಬೇಕು.

ಗೋಡೆಚಿತ್ರವನ್ನು ಮೇಲಿನಿಂದ ಕೆಳಗೆ ಬರೆಯುತ್ತಾರೆ, ಇಲ್ಲದಿದ್ದರೆ ಮೇಲಿನ ಬಣ್ಣ ಸೋರಿ ಕೆಳಗಿನದು ಕೆಡುತ್ತದೆ. ಹಾಗಾಗಿ ಗೂಡು ಕಟ್ಟಕಡೆಗೆ. "ಪರಾಂಚಿ ಮ್ಯಾಲೆ ನಾ ಏರೂದಿಲ್ಲ ಕಾಕಾ. ಗೂಡು ಮಾತ್ರ ನಂದ," ಎಂದಿದ್ದಳು. ಪರಾಂಚಿ ಎಂದರೆ ಬಿದಿರಿನ ಅಟ್ಟಣಿಗೆ; ಅದರ ಮೇಲೆ ನನ್ನ ಪೇಂಟರ್‌ಗಳು, ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳು. "ದಾದಾ, ಅದು ಗರಿ, ತೆಂಗಿನ ಗರಿ ಅಲ್ಲ!" ಎಂದು ಕೂಗಿದರೆ ಬಯಲಿಗೆಲ್ಲ ಕೇಳುತ್ತಿತ್ತು. ಐದನೇ ತಿಂಗಳಿಗೆ ಅವಳ ಕೈತುಂಬ ಹಸಿರು ಬಳೆ ಬಂದವು. "ಅವ್ವ ಕಳ್ಳ ಕುಬಸ ಮಾಡ್ಯಾಳ ಕಾಕಾ, ಗುಟ್ಟಿನ ಸೀಮಂತ. ಯಾರಿಗೂ ಹೇಳಬ್ಯಾಡ್ರಿ."

"ಬಳೆ ಇಷ್ಟು ಗಲಗಲ ಅಂದ್ರೆ ನಾನು ಹೇಳುವುದೇ ಬೇಡ ಮಾರಾಯ್ತಿ," ಎಂದೆ.

ಆಕಾಶ, ಜರೀಗಿಡ, ಕೊಕ್ಕು, ಬೆನ್ನು ಎಲ್ಲ ಮುಗಿದು, ಪ್ರಾಣಿಯ ಹೊಟ್ಟೆಯ ಕೆಳಗೆ ಬಿಳಿ ಪ್ರೈಮರ್ ಮಾತ್ರ ಉಳಿದಾಗ ಅವಳ ಗಂಡನ ಫೋನು ಬಂತು. ಕಲ್ಯಾಣದ ಆಸ್ಪತ್ರೆಯಿಂದ.

"ಮಗು ಉಳೀಲಿಲ್ಲರೀ ಕಾಕಾ."

ಶಾಲೆಯ ವಾರ್ಷಿಕೋತ್ಸವ ಹತ್ತಿರವಿತ್ತು. ಸ್ಕೆಚ್ ಇದೆಯಲ್ಲ, ಬೇರೆ ಯಾರಿಂದಲಾದರೂ ಮುಗಿಸಿ ಎಂದರು ಟ್ರಸ್ಟಿ. ತಪ್ಪೇನಿಲ್ಲ, ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಸಮಯ ಕೊಟ್ಟರೆ ಗೇಟಿನ ಬೋರ್ಡ್ ಬಿಟ್ಟಿ ಬರೆದುಕೊಡುತ್ತೇನೆ ಎಂದೆ. ಈ ಬಾಯಿಂದ ಬಿಟ್ಟಿ ಎಂಬ ಮಾತು ಹೊರಟದ್ದು ಅದೇ ಮೊದಲು.

ಟಿಟ್ವಾಳಾದ ಅವಳ ಮನೆಗೆ ಹೋದೆ. ಸಮಯ ಸಿಕ್ಕಿದ್ದರೂ ಅವಳ ಮೇಲೆ ಭಾರ ಬೇಡವೆಂದು, ಗೂಡು ಬೇರೆಯವರಿಂದ ಮಾಡಿಸುತ್ತೇನೆ, ನೀನು ಮಲಗು ಎನ್ನಲು ಹೋದದ್ದು. ಅವಳು ಕೇಳಿಸಿಕೊಂಡಳು. "ಗೂಡು ನಂದ ಅಂದಿದ್ನೆಲ್ಲ ಕಾಕಾ," ಎಂದಳು, ಅಷ್ಟೇ.

ಸುಧಾರಿಸಿಕೊಂಡು ಬಂದಳು. ಕೈ ಬೋಳಾಗಿತ್ತು. ನೆಲದ ಮೇಲೆ ಕೂತು, ಗೋಡೆಗೆ ಮುಖ ಮಾಡಿ, ಯಾರನ್ನೂ ಗದರದೆ ಬರೆದಳು. ಸಂಜೆ ನೋಡಿದರೆ ಮೊಟ್ಟೆಗಳಿಲ್ಲ. ಸ್ಕೆಚ್ಚಿನಲ್ಲಿ ಮಡಚಿಕೊಂಡಿದ್ದ ರೆಕ್ಕೆಗಳನ್ನು ಎರಡೂ ಕಡೆ ನೆಲದವರೆಗೆ ಹರಡಿದ್ದಳು. ಒಂದೊಂದು ಗರಿಯೂ ಬೇರೆ ಬೇರೆ.

ಟ್ರಸ್ಟಿ ಸಹಿಯಾದ ಸ್ಕೆಚ್ ಹಿಡಿದೇ ಬಂದರು. "ಮೊಟ್ಟೆ ಎಲ್ಲಿ? ಮಕ್ಕಳು ಏನು ಎಣಿಸಬೇಕು?"

ಅವರೊಂದಿಗೆ ಯಾವಾಗಲೂ ಹಿಂದಿಯಲ್ಲಿ ಮಾತಾಡುವ ಅಶ್ವಿನಿ, ಬ್ರಷ್ ತೊಳೆಯುತ್ತ ಕನ್ನಡದಲ್ಲೇ ಅಂದಳು: "ಅದಾವ. ರೆಕ್ಕಿ ಕೆಳಗ ಅದಾವ. ಎಣಿಸೂದು ಬ್ಯಾಡ."

"ಕ್ಯಾ ಬೋಲಿ?" ಎಂದು ಸಾಹೇಬರು ನನ್ನತ್ತ ತಿರುಗಿದರು. ನನ್ನ ಬಾಯಲ್ಲಿ ಹತ್ತು ಸಮಜಾಯಿಷಿ ಸದಾ ತಯಾರಿರುತ್ತವೆ. ಆಗ ಅವಳ ಮಾತನ್ನಷ್ಟೇ ದಾಟಿಸಿದೆ: "ಇವೆ ಅಂತಾಳೆ, ಸಾಹೇಬ್," ಎಂದೆ. ಅವರು ಗೋಡೆ ನೋಡಿದರು, ಅವಳ ಬೆನ್ನು ನೋಡಿದರು. ಸ್ಕೆಚ್ಚನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದರು.

ಕಸುಬು ಕಲಿಯುವವರಿಗೆ ನಾನು ಹೇಳುವುದಿಷ್ಟು. ಎಲ್ಲದಕ್ಕೂ ಚೌಕಾಸಿ ಮಾಡಿ, ನಾಚಿಕೆ ಬೇಡ. ಆದರೆ ಎದುರಿನವರು ಕೊಡಲಾರದ್ದು ಒಂದಿರುತ್ತದೆ. ಅದನ್ನು ಗುರುತಿಸಿ, ಅದರ ಮೇಲೆ ಮಾತ್ರ ಕೈ ಹಾಕಬೇಡಿ.

ಅಶ್ವಿನಿ ಆಮೇಲೆ ಗೋಡೆ ಬರೆಯಲಿಲ್ಲ. ಮಳೆಗಾಲ ಮುಗಿದಾಗಲೆಲ್ಲ ಟಚ್‌ಅಪ್‌ಗೆ ನಾನೇ ಹೋಗುತ್ತೇನೆ. ಕೆಜಿ ಮಕ್ಕಳು ಮೊಟ್ಟೆ ಹುಡುಕುತ್ತ ತಡವಿ ತಡವಿ ರೆಕ್ಕೆಯ ಅಂಚು ಮಾಸಿದೆ. ಅಲ್ಲಿ ಬಣ್ಣ ಹಚ್ಚುವುದಿಲ್ಲ. ಅಂಗೈ ಒತ್ತಿ ನೋಡುತ್ತೇನೆ. ಬಿಸಿಲಿಗೆ ಗೋಡೆ ಬೆಚ್ಚಗಿರುತ್ತದೆ.