ಹೆಡ್ಡಿಂಗ್ ಏನು ಹಾಕ್ತೀಯಪ್ಪ?

೧೯೯೬ರಲ್ಲಿ, ಏಳನೇ ತರಗತಿಯಲ್ಲಿ, ನಾನು ಓದು ಬಿಟ್ಟೆ. ಯಾವುದೋ ಸಿನಿಮಾದಲ್ಲಿ ಎಲ್ಲರನ್ನೂ ನಗಿಸುವ ಕುಳ್ಳನ ಹೆಸರು ನನಗಂಟಿತ್ತು. ಮೇಷ್ಟರೂ ಹಾಗೆಯೇ ಕರೆಯುತ್ತಿದ್ದರು. ಆಮೇಲೆ ಸಾದಲಿ ಕಡೆಯ ರೇಷ್ಮೆ ತೋಟಗಳಲ್ಲಿ ದುಡಿದು, ರೇಷ್ಮೆಹುಳು ಸಾಕಲು ನನ್ನದೇ ಹುಳುಮನೆ ಕಟ್ಟಿದೆ.

ಕಳೆದ ವರ್ಷ ನನ್ನ ಬೆಳೆಯ ವಿಡಿಯೊ ಮಾಡಲು ಯೂಟ್ಯೂಬ್ ಚಾನೆಲ್‌ನವನೊಬ್ಬ ಬಂದ. ಹುಳುಗಳು ಜ್ವರಕ್ಕೆ ಕೂತಿದ್ದವು, ಅಂದರೆ ಪೊರೆ ಬಿಡಲು ಮೇವು ನಿಲ್ಲಿಸಿ ಅಲುಗಾಡದೆ ಇದ್ದವು. ಆಗ ಹೊರಗಿನವರನ್ನು ನಾವು ಒಳಗೆ ಬಿಡುವುದಿಲ್ಲ. ಅವನು ಬಾಗಿಲಲ್ಲೇ ನಿಂತ. ಹುಳು ಸಾಕುವ ಮೇಲಿನ ಅಟ್ಟಣೆ ತೋರಿಸಲು ನಾನೇ ಹೆಮ್ಮೆಯಿಂದ ಸ್ಟೂಲ್ ಹತ್ತಿದೆ.

"ಸೂಪರ್ ಅಣ್ಣ! ಇನ್ನೊಂದ್ಸಲ ಹತ್ತಿ. ಸ್ವಲ್ಪ ಕಷ್ಟಪಟ್ಟು ಹತ್ತಿ."

ನಾನು ಕೆಳಗಿಳಿದು ಕೇಳಿದೆ, "ಹೆಡ್ಡಿಂಗ್ ಏನು ಹಾಕ್ತೀಯಪ್ಪ?"

"ಮೂರಡಿ ಕುಳ್ಳನ ರೇಷ್ಮೆ ಸಾಮ್ರಾಜ್ಯ! ಕಾಮಿಡಿ ಮ್ಯೂಸಿಕ್ ಹಾಕಿದ್ರೆ ಲಕ್ಷ ಜನ ನೋಡ್ತಾರಣ್ಣ."

ನನ್ನ ಮಗಳೂ ನನ್ನಂತೆಯೇ ಗಿಡ್ಡ. ಆಗ ಆರನೇ ತರಗತಿಗೆ ಬಸ್ಸಿನಲ್ಲಿ ಶಿಡ್ಲಘಟ್ಟಕ್ಕೆ ಹೋಗುತ್ತಿದ್ದಳು. ಆ ವಿಡಿಯೊ ಬಸ್ಸಿನ ಹುಡುಗರ ಫೋನುಗಳಿಗೆ ಬಂದರೆ ಅವಳೂ ಓದು ಬಿಟ್ಟಾಳು.

"ರೇಷ್ಮೆ ಬೆಳೆಗಾರ ಅಂತ ಹಾಕು. ಇಲ್ಲಾಂದ್ರೆ ಈಗ್ಲೇ ಅಳಿಸು" ಎಂದೆ.

"ಆಯ್ತು ಬಿಡಣ್ಣ" ಎಂದು ನಗುತ್ತಾ ಬೈಕ್ ಹತ್ತಿದ.

ಅಳಿಸಿದನೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ಸಂಜೆ ಮಗಳು ಬಸ್ಸಿಳಿದಾಗ ಮೊದಲು ಅವಳ ಮುಖ ನೋಡುತ್ತೇನೆ.

"ಏನಪ್ಪ ಹಂಗ್ ನೋಡ್ತೀಯ? ಹಸಿವಾಗ್ತೈತೆ, ನಡಿ" ಅನ್ನುತ್ತಾಳೆ. ಅಂದಿನ ಮಟ್ಟಿಗೆ ಉಸಿರು ಬರುತ್ತದೆ.

ಈಗ ನನಗಿರುವುದು ಎರಡು ಎಕರೆ ಹಿಪ್ಪುನೇರಳೆ ತೋಟ, ಒಂದು ಹುಳುಮನೆ, ಇನ್ನೂ ಶಾಲೆಗೆ ಹೋಗುತ್ತಿರುವ ಒಬ್ಬಳು ಮಗಳು.